ಹಕ್ಕಿ ನೋಡಲು ಹೋದ ಎಳ್ಳಮಾಸಿ

ನಮ್ಮ ಓಣಿಯಲ್ಲಿ ಕೌಜುಗ ಹಿಡಿಯುವವರಿದ್ದರು, ಗಿಣಿ ಸಾಕುವವರಿದ್ದರು, ಪಾರಿವಾಳ ಹಾರಿಸುವವರೂ ಇದ್ದರು. ಹಕ್ಕಿಯನ್ನು ಸುಮ್ಮನೆ ನೋಡುವವರು ಮಾತ್ರ ನಮ್ಮ ಮನೆಯವರೊಬ್ಬರೇ. ನೋಡಿ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನಾನೇನು ಹೇಳಲಿ? ಹಿಡಿಯುವುದಿಲ್ಲ, ಮಾರುವುದಿಲ್ಲ, ತಿನ್ನುವುದಂತೂ ಇಲ್ಲವೇ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಬಾವಿಕಟ್ಟೆಯ ಹೆಂಗಸರು ಇದೇ ವಿಷಯಕ್ಕೆ ನನ್ನನ್ನು ಕಾಡುತ್ತಿದ್ದರು.

"ನಿನ್ನ ಗಂಡ ನಿನ್ನ ಮಾರಿ ನೋಡೂದು ಕಮ್ಮಿ, ಗುಬ್ಬಿ ಮಾರಿ ನೋಡೂದು ಹೆಚ್ಚು. ಹೌದಿಲ್ಲವಾ?"

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. "ಗುಬ್ಬಿ ಮಾರಿ ನೋಡಿದ್ರ ನೋಡ್ಲಿ ಬಿಡ್ರಿ. ನಿಮ್ಮ ಗಂಡಂದಿರಂಗ ಮಂದಿ ಮನಿ ಬಾಗ್ಲಾ ನೋಡಂಗಿಲ್ಲಲ್ಲ" ಎಂದು ಕೊಡ ಎತ್ತಿಕೊಂಡು ಬಂದುಬಿಡುತ್ತಿದ್ದೆ. ಮನೆಗೆ ಬಂದ ಮೇಲೆ ಉಳಿದ ಸಿಟ್ಟನ್ನು ಅವರ ಮೇಲೆ ತೀರಿಸುತ್ತಿದ್ದೆ. ಅವರು ನಗುತ್ತಿದ್ದರು.

ಕುಷ್ಟಗಿ ಸೀಮೆಯ ನೇಕಾರರ ಊರು ನಮ್ಮದು. ಆಗ ನಿಜಾಮನ ರಾಜ್ಯ, ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ನಮ್ಮ ಮನೆಯವರದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ದಿನವಿಡೀ ಕುಳಿತು ನೇಯುವ ಮನುಷ್ಯನಿಗೆ ಆಕಾಶ ಎಲ್ಲಿ ಕಾಣಬೇಕು? ಗೋಡೆಯಲ್ಲಿ ಒಂದು ಬೆಳಕಿಂಡಿ ಇತ್ತು, ಅಷ್ಟೆ. ಆದ್ದರಿಂದ ನೋಡುತ್ತಾರೆ ಎಂದು ಜನ ಆಡಿಕೊಂಡರೂ ನಿಜವಾಗಿ ಅವರು ಹಕ್ಕಿಯನ್ನು ಕೇಳುತ್ತಿದ್ದರು. ಲಾಳಿ ಆ ಕಡೆಯಿಂದ ಈ ಕಡೆ ಹಾರುತ್ತಿರುವಾಗಲೇ ತಲೆ ಎತ್ತಿ, "ಬೇವಿನ ಗಿಡದಾಗ ಇವತ್ತು ಹೊಸಾದೊಂದು ಬಂದೈತಿ" ಎನ್ನುತ್ತಿದ್ದರು. ನಾನು ಕಂಡಿಕೆಗೆ ನೂಲು ಸುತ್ತುವುದನ್ನು ಬಿಟ್ಟು ಎದ್ದು ಹೋಗಿ ನೋಡಿದರೆ ಬೇವಿನ ಗಿಡದಲ್ಲಿ ಎಲೆ ಬಿಟ್ಟು ಮತ್ತೇನೂ ಕಾಣುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಅದೇ ಹಕ್ಕಿಯ ಕೂಗನ್ನು ತಾವೇ ಕೂಗಿ ತೋರಿಸುತ್ತಿದ್ದರು. ಅತ್ತೆ ಒಲೆಯ ಮುಂದಿನಿಂದ, "ಸಾಕು ಬಿಡೋ, ಬೆಕ್ಕು ಬಂದೀತು" ಎನ್ನುತ್ತಿದ್ದರು.

ನನ್ನ ತವರು ಕುಷ್ಟಗಿಯಿಂದ ಗಂಗಾವತಿ ಕಡೆಗೆ ಒಂದು ದಿನದ ಗಾಡಿ ದಾರಿ. ಅಪ್ಪನೂ ಹುಟ್ಟಿನಿಂದ ನೇಕಾರನೇ, ಮಗ್ಗ ಬಿಟ್ಟು ಹೊಲ ಹಿಡಿದವನು. ಹೊಲದ ಬೆನ್ನಿಗೇ ಗುಡ್ಡ. ಕೆಳಗಿನಿಂದ ನೋಡಿದರೆ ಬರೀ ಬಂಡೆ. ಏರಿ ಒಳಗೆ ಹೋದರೆ ಬಂಡೆಗಳ ಸಂದಿನಲ್ಲಿ ಕಮರ, ಕಾರೆ, ಸೀತಾಫಲ, ನೀರು ಇಳಿಯುವ ಹಳ್ಳದ ಗುಂಟ ದೊಡ್ಡ ದೊಡ್ಡ ಅತ್ತಿ, ಹುಣಸೆ. ಬಯಲುಸೀಮೆಯ ನಮ್ಮಂಥವರಿಗೆ ಅದೇ ದೊಡ್ಡ ಅಡವಿ. ವರ್ಷಕ್ಕೊಮ್ಮೆ ಎಳ್ಳು ಅಮಾವಾಸ್ಯೆಗೆ, ನಮ್ಮ ಕಡೆಯ ಮಾತಿನಲ್ಲಿ ಎಳ್ಳಮಾಸಿಗೆ, ನಾವು ತವರಿಗೆ ಹೋಗುತ್ತಿದ್ದೆವು. ಅಳಿಯ ಬರುವುದು ಮಾವನ ಮನೆಯ ಶೇಂಗಾ ಹೋಳಿಗೆಗಲ್ಲ, ಗುಡ್ಡದ ಹಕ್ಕಿಗೆ ಎಂದು ಇಡೀ ಊರಿಗೆ ಗೊತ್ತಿತ್ತು. ತಮಾಷೆ ಏನೆಂದರೆ, ಜೋಳ ತಿನ್ನಲು ಬರುವ ಅದೇ ಹಕ್ಕಿಗಳಿಗೆ ಆ ಮಾವ, ಅಂದರೆ ನನ್ನ ಅಪ್ಪ, ಹೊಲದ ಅಟ್ಟದ ಮೇಲೆ ನಿಂತು ಕವಣೆ ಬೀಸುವವನು. ಎಳ್ಳಮಾಸಿ ದಿನ ಮಾತ್ರ ಅಪ್ಪ ಕವಣೆಯನ್ನು ಗೂಟಕ್ಕೆ ತೂಗುಹಾಕಿಬಿಡುತ್ತಿದ್ದ. ಆ ದಿನದ ಊಟದಲ್ಲಿ ಹಕ್ಕಿಗೂ ಪಾಲಿತ್ತು.

ಲಡಾಯಿ, ಅದೇ ಮಹಾಯುದ್ಧ, ನಡೆದಿದ್ದ ಕಾಲ. ನೂಲು ಸಿಗುತ್ತಿರಲಿಲ್ಲ. ಓಣಿಯ ಅರ್ಧ ಮಗ್ಗ ಸುಮ್ಮನೆ ಕುಳಿತಿದ್ದವು. ಆ ವರ್ಷದ ಮಳೆಗಾಲದಲ್ಲಿ ನಮ್ಮ ಮನೆಯವರಿಗೆ ಜ್ವರ ಬಂತು. ಇಂದು ಇಳಿಯಿತು ಅನ್ನುವಷ್ಟರಲ್ಲಿ ನಾಳೆ ಏರುತ್ತಿತ್ತು. ಅತ್ತೆ ಮಾಡದ ಹರಕೆ ಇಲ್ಲ, ನಾನು ಅರೆಯದ ಬೇರಿಲ್ಲ. ಕಡೆಗೆ ಗಾಡಿಯಲ್ಲಿ ಕೊಪ್ಪಳದ ದವಾಖಾನೆಗೆ ಒಯ್ದೆವು. ಜೀವ ಉಳಿಯಿತು. ಆದರೆ ಜ್ವರ ಹೋಗುವಾಗ ಅವರ ಕಿವಿಯನ್ನೂ ಕರೆದುಕೊಂಡು ಹೋಯಿತು. ಬೆನ್ನ ಹಿಂದೆ ಕಂಚಿನ ತಾಟು ಬಿದ್ದರೂ ಅವರು ತಿರುಗಲಿಲ್ಲ. ತಾಟು ಬೀಳಿಸಿದ್ದು ನಾನೇ, ಬೇಕಂತಲೇ. ಆಮೇಲೆ ಅದನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ.

ಕಿವಿ ಹೋಯಿತು, ಹೋಗಲಿ, ಮನುಷ್ಯ ಉಳಿದರಲ್ಲ ಎಂದು ನಾವು ಸಮಾಧಾನ ಮಾಡಿಕೊಂಡೆವು. ಸನ್ನೆಯಲ್ಲೇ ಮನೆ ನಡೆಯಿತು. ಮಗ್ಗದ ಸದ್ದು ಕೇಳದಿದ್ದರೂ ಕಾಲಿನ ಅದುರಿಗೇ ನೇಯ್ಗೆ ಸರಿಯಾಗಿ ಬರುತ್ತಿತ್ತು. ಅವರು ಮೊದಲಿನಂತೆ ಮಾತಾಡುತ್ತಿದ್ದರು. ತಮ್ಮ ದನಿ ತಮಗೇ ಕೇಳದ್ದರಿಂದ ಕೂಗಿ ಕೂಗಿ ಆಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಹಾಳಾದದ್ದು ಒಂದು ಸಾವಿನ ಮನೆಯಲ್ಲಿ. ಓಣಿಯ ಹಿರಿಯರೊಬ್ಬರು ತೀರಿದ್ದರು, ತುಂಬಿದ ವಯಸ್ಸು. ಹೆಣ ಕೂಡಿಸಿದ್ದರು, ಭಜನೆ ನಿಂತಿತ್ತು, ಎಲ್ಲರೂ ಮೌನವಾಗಿದ್ದ ಹೊತ್ತು. ನಮ್ಮ ಮನೆಯವರು ಅತ್ತೆಯ ಕಿವಿಯ ಹತ್ತಿರ ಬಾಗಿ ಪಿಸುಗುಡುತ್ತಿದ್ದೇನೆ ಎಂದುಕೊಂಡು, ಇಡೀ ಓಣಿಗೆ ಕೇಳುವಂತೆ ಹೇಳಿದರು: "ಯವ್ವಾ, ಸೊಸಿ ಕಣ್ಣಾಗ ಒಂದು ಹನಿ ನೀರಿಲ್ಲ ನೋಡು!"

ತೀರಿದವರ ಸೊಸೆ ತಲೆ ತಗ್ಗಿಸಿದಳು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು, ಒಬ್ಬರು ನಕ್ಕಿದ್ದೇ ತಡ ಮತ್ತೊಬ್ಬರು. ಹೆಣದ ಮುಂದೆ ಜನ ನಗುವುದನ್ನು ಅವರು ಕಣ್ಣಾರೆ ಕಂಡರು. ಏನಾಯಿತು ಎಂದು ತಿಳಿಯಲು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಅವರಿಗೆ ಎಲ್ಲ ಕಂಡಿತು. ಅಲ್ಲಿಂದ ಮನೆಗೆ ಬಂದವರು ಬಾಯಿ ಮುಚ್ಚಿದರು. ಆಮೇಲೆ ತೆರೆಯಲಿಲ್ಲ.

ದಸರೆ ಹೋಯಿತು, ದೀಪಾವಳಿ ಹೋಯಿತು. ಹಸಿವಾದರೆ ತಾಟಿನ ಮುಂದೆ ಕೂರುವರು, ನೀರು ಬೇಕಾದರೆ ತಂಬಿಗೆ ತೋರಿಸುವರು. ಒಂದು ಹೂಂ ಇಲ್ಲ, ಊಹೂಂ ಇಲ್ಲ. ಹಕ್ಕಿಯ ಕೂಗಂತೂ ದೂರದ ಮಾತು. ನನಗೆ ಕಿವುಡ ಗಂಡನೊಂದಿಗೆ ಬಾಳುವುದು ಕಷ್ಟವೆನಿಸಲಿಲ್ಲ. ಮಾತಿಲ್ಲದ ಗಂಡನೊಂದಿಗೆ ಬಾಳುವುದು ಮಾತ್ರ ನನ್ನ ಕೈಲಾಗದ ಕೆಲಸವಾಗಿತ್ತು. ನನ್ನ ಸಿಟ್ಟಿಗೂ ಎದುರು ಬೇಕಲ್ಲ! ಬೈದರೆ ಕೇಳಿಸದು, ಕೇಳಿದರೆ ಉತ್ತರವಿಲ್ಲ. ಅತ್ತೆ ಮಲಗುವ ಮುಂಚೆ ದಿನಾಲೂ ದೇವರ ಮುಂದೆ ಕುಳಿತು ಜಗಳವಾಡುತ್ತಿದ್ದರು.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರ. ಈ ಬಂಗಾರ ಕಟ್ಕೊಂಡು ನಾ ಏನ್ ಮಾಡ್ಲೋ ಶಿವನ? ನನಗ ನನ್ನ ಬೆಳ್ಳಿನೇ ಕೊಡು."

ಎಳ್ಳಮಾಸಿ ಹತ್ತಿರ ಬಂದಾಗ ಅಪ್ಪ ಹೇಳಿಕಳಿಸಿದ, ಈ ಸಲ ಅಳಿಯ ಬರಲೇಬೇಕು ಎಂದು. ಇವರು ಒಲ್ಲೆ ಎಂದು ತಲೆ ಅಲ್ಲಾಡಿಸಿದರು. ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. "ಗುಡ್ಡಕ್ಕ ಹೋಗೂದು, ಹಕ್ಕಿ ನೋಡೂದು ಅಂತ ಸನ್ನಿ ಮಾಡವಾ. ಹೊಲದಾಗ ಕೂಗೂ ಸುದ್ದಿ ತಗೀಬ್ಯಾಡ. ನಾನೂ ಬರ್ತೀನಿ." ನಾನು ಎರಡೂ ಕೈಯನ್ನು ರೆಕ್ಕೆ ಮಾಡಿ ಆಡಿಸಿ ಗುಡ್ಡದ ದಿಕ್ಕು ತೋರಿಸಿದೆ. ಅವರು ಎದ್ದು ಧೋತರ ಮಡಿಚತೊಡಗಿದರು. ಹಾಗೆ ನಾವು ಹಕ್ಕಿ ನೋಡಲು ಗಾಡಿ ಕಟ್ಟಿಕೊಂಡು ಹೊರಟೆವು. ಓಣಿಯವರಿಗೆ ನಗಲು ಅಷ್ಟು ಸಾಕಿತ್ತು.

ಗಾಡಿ ನಮ್ಮ ನೆರೆಮನೆಯ ಪಿಂಜಾರ ಕಾಕಾನದು. ಅರಳೆ ಹಿಂಜಿ ಗಾದಿ ಹೊಲಿಯುವವನು, ಗಂಗಾವತಿ ಕಡೆಯ ಊರುಗಳಿಗೆ ಗಾದಿ ಒಯ್ಯುವ ಕೆಲಸವಿತ್ತು. ಮೆತ್ತನೆಯ ಗಾದಿಗಳ ಮೇಲೆ ನಮ್ಮನ್ನು ಕೂರಿಸಿ, ಬೆಳಕು ಹರಿಯುವಾಗ ಎತ್ತು ಹೂಡಿದವನು ಸಂಜೆಯವರೆಗೂ ಬಾಯಿ ಮುಚ್ಚಲಿಲ್ಲ. ಅದೂ ನಮ್ಮ ಜೊತೆಗಲ್ಲ, ಇವರ ಜೊತೆಗೆ. ಎತ್ತಿನ ಜಾತಿ, ಅರಳೆಯ ದರ, ಮೂರನೆಯ ಮಗಳ ಅತ್ತೆಯ ಕಾಟ, ಎಲ್ಲವನ್ನೂ ಇವರ ಕಡೆ ತಿರುಗಿ ತಿರುಗಿ ಹೇಳಿದ.

"ಕಾಕಾ, ಅವರಿಗೆ ಕೇಳಂಗಿಲ್ರಿ" ಎಂದೆ ನಾನು.

"ನಮ್ಮ ಮನ್ಯಾಗ ಕಿವಿ ಇದ್ದೋರೂ ನನ್ನ ಮಾತು ಕೇಳಂಗಿಲ್ಲ ಬೇಟಾ. ಇವ್ರು ನನ್ನ ಮಾರಿನರೇ ನೋಡ್ತಾರ. ಅಷ್ಟ ಸಾಕು ನನಗ."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಮ್ಮ ಮನೆಮಂದಿಯಲ್ಲಿ ಎಷ್ಟೋ ತಿಂಗಳ ಮೇಲೆ ನಾನು ಕೇಳಿದ ಮೊದಲ ನಗು ಅದು. ಅದಕ್ಕಾಗಿ ಕಾಕಾನಿಗೆ ನಾನು ಇಂದಿಗೂ ಋಣಿ.

ಮರುದಿನ ಬೆಳಗ್ಗೆ, ಹಬ್ಬಕ್ಕೆ ಇನ್ನೂ ಒಂದು ದಿನವಿರುವಾಗ, ನಾವು ಮೂವರು ಗುಡ್ಡ ಹತ್ತಿದೆವು. ಇವರು ಮುಂದೆ, ನಾನು ನಡುವೆ, ಬುತ್ತಿಯ ಗಂಟು ಹೊತ್ತ ಅತ್ತೆ ಮಂಡಿ ಹಿಡಿದುಕೊಂಡು ಹಿಂದೆ. ಚಳಿ ಇತ್ತು. ಹಳ್ಳದಲ್ಲಿ ಸ್ವಲ್ಪ ನೀರು ಉಳಿದಿತ್ತು. ಪ್ರತಿ ವರ್ಷ ಇವರು ಕೂರುವ ಒಂದು ಹಾಸುಬಂಡೆ ಅಲ್ಲಿತ್ತು. ಕೂರುವುದು, ಕಣ್ಣು ಮುಚ್ಚುವುದು, ಒಂದೊಂದೇ ಹಕ್ಕಿಯನ್ನು ಕಿವಿಯಿಂದ ಹೆಕ್ಕಿ ಹೆಸರು ಹೇಳುವುದು, ಅದು ಅವರ ಪದ್ಧತಿ. ಆವತ್ತೂ ಹಾಗೆಯೇ ಕುಳಿತರು. ರೂಢಿಯಂತೆ ಕಣ್ಣು ಮುಚ್ಚಿದರು.

ನನಗೆ ಕೇಳುತ್ತಿತ್ತು. ಅತ್ತಿಯ ಮರದ ತುಂಬ ಗೊರವಂಕಗಳ ಜಗಳ, ಕೆಳಗೆಲ್ಲೋ ಕೌಜುಗ, ಬಂಡೆಯ ಆಚೆಯಿಂದ ನವಿಲು. ನೋಡುತ್ತಿದ್ದೆ, ಅವರ ಮುಚ್ಚಿದ ಕಣ್ಣ ರೆಪ್ಪೆ ನಡುಗಿತು. ಸ್ವಲ್ಪ ಹೊತ್ತಿಗೆ ಅವರೇ ಕಣ್ಣು ತೆರೆದರು. ಬರಿದಾದ ಮನೆಯ ಬಾಗಿಲು ತೆರೆದಂತಿತ್ತು. ಇಷ್ಟು ದೂರ ಯಾಕೆ ಕರೆತಂದೆವೋ, ಇದ್ದ ಗಾಯವನ್ನೇ ಮತ್ತೆ ಕೆದಕಿದೆವೋ ಎಂದುಕೊಂಡೆ.

ಎದ್ದು ಹೋಗೋಣವೆಂದು ಅವರ ತೋಳು ಮುಟ್ಟಿದೆ. ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಹಳ್ಳದ ಕಡೆ ತೋರಿಸಿದರು.

ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಒಂದು ಹಕ್ಕಿ ಕುಳಿತಿತ್ತು. ಗುಬ್ಬಿಗಿಂತ ತುಸು ದೊಡ್ಡದು, ಮೈ ಹಾಲಿನಷ್ಟು ಬಿಳುಪು, ತಲೆ ಕಪ್ಪು, ನೆತ್ತಿಯಲ್ಲಿ ಜುಟ್ಟು. ಬಾಲವೋ, ಎರಡು ಬಿಳಿ ಎಳೆಗಳನ್ನು ಇಳಿಬಿಟ್ಟ ಹಾಗೆ ಅದರ ಮೈಗಿಂತ ಉದ್ದ. ಅದು ಹಾರಿದರೆ ಎಳೆಗಳು ಹಿಂದೆ ಅಲೆಯುತ್ತಿದ್ದವು, ನೀರನ್ನು ಮುಟ್ಟಿ ಮತ್ತೆ ಕೊಂಬೆಗೆ ಬರುತ್ತಿತ್ತು. ಎಷ್ಟು ವರ್ಷ ಅದೇ ಬಂಡೆಯ ಮೇಲೆ ಕುಳಿತಿದ್ದರೋ, ಇದನ್ನು ಇವರು ಕಂಡಿರಲಿಲ್ಲ. ಅದರ ಕೂಗು ಚಿರಕ್ ಎನ್ನುವ ಒರಟು ಸದ್ದು, ಯಾರೂ ಕಿವಿಗೊಡುವಂಥದ್ದಲ್ಲ. ನಾನೂ ಅದಕ್ಕೆ ಮುಂಚೆ ಹಕ್ಕಿ ಎಂಬುದನ್ನು ನಿಂತು ನೋಡಿದವಳಲ್ಲ. ಆವತ್ತು ನೋಡಿದೆ. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಅವರ ಬೆರಳು ನನ್ನ ಬೆರಳಲ್ಲಿತ್ತು.

ಹಿಂದಿನಿಂದ ಅತ್ತೆ, "ನೂಲು ಸಿಗವಲ್ದು ಅಂತ ನಾವು ಸಾಯಾಕತ್ತೀವಿ, ಇದು ಯಾವ ನೇಕಾರನ ಮನಿ ಎಳಿ ಕದ್ಕೊಂಡು ಬಂದೈತೋ" ಎಂದರು.

ನಾನು ನಕ್ಕೆ. ಇವರು ನನ್ನ ಕಡೆ ತಿರುಗಿದರು. ಅವರ ಮುಖ ಅರಳಿತ್ತು. ಹೇಳಲು ಬಾಯಿ ತೆರೆದರು. ತುಟಿ ಅಲ್ಲಾಡಿದ್ದನ್ನು ನಾನು ಕಂಡೆ. ಇನ್ನೇನು ಮಾತು ಬಂತು ಎನ್ನುವಾಗ ಅವರಿಗೆ ಆ ಸಾವಿನ ಮನೆ ನೆನಪಾಗಿರಬೇಕು, ಬಾಯಿ ಮುಚ್ಚಿಕೊಂಡುಬಿಟ್ಟರು.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಎದ್ದು ನಿಂತು, ಗುಡ್ಡ ಅನ್ನಲಿಲ್ಲ ಅಡವಿ ಅನ್ನಲಿಲ್ಲ, ಗಂಟಲು ಹರಿಯುವಂತೆ ಒದರಿದೆ. "ಯಾರು ನಗ್ತಾರಂತ ಹೆದರ್ತೀರಿ ಇಲ್ಲಿ? ಈ ಕಲ್ಲು ನಗ್ತಾವೇನು? ನಿಮ್ಮವ್ವ ಕೇಳವಲ್ಲಳೇನು? ನಾ ಕೇಳವಲ್ಲೆನೇನು? ಒಂದ ಮಾತು ಆಡ್ರಿ, ಬೈರಿ ಬೇಕಾದ್ರ!"

ಅತ್ತಿಯ ಮರದ ಗೊರವಂಕಗಳೆಲ್ಲ ಭರ್ರನೆ ಎದ್ದವು. ಬಿಳಿ ಹಕ್ಕಿ ಎಳೆ ಎಳೆಯುತ್ತ ಮರೆಯಾಯಿತು. ಇವರು ಹಾರುತ್ತಿದ್ದ ಹಕ್ಕಿಗಳನ್ನು ನೋಡಿದರು, ಆಮೇಲೆ ತಿರುಗಿ ನನ್ನನ್ನು ನೋಡಿದರು, ಮತ್ತೆ ಹಕ್ಕಿಗಳನ್ನು ನೋಡಿದರು. ನಾನು ಬುತ್ತಿ ಬಿಚ್ಚದೆ ದಡದಡ ಇಳಿದು ಬಂದೆ. ಹಕ್ಕಿ ನೋಡಲು ಕರೆದುಕೊಂಡು ಹೋದವಳೇ ಹಕ್ಕಿಗಳನ್ನೆಲ್ಲ ಓಡಿಸಿದ್ದೆ.

ಮರುದಿನ ಎಳ್ಳಮಾಸಿ. ಅವ್ವ ರಾತ್ರಿಯೆಲ್ಲ ಕುಳಿತು ಬೇಯಿಸಿದ್ದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಕಡುಬು, ಹೋಳಿಗೆ, ಮೊಸರನ್ನ. ಹೊಲದ ಬನ್ನಿಗಿಡದ ಕೆಳಗೆ ಐದು ಕಲ್ಲು ತೊಳೆದು ಸುಣ್ಣ ಹಚ್ಚಿ, ಪಾಂಡವರೆಂದು ಕೂರಿಸಿ ಪೂಜೆ ಮಾಡಿದ್ದಾಯಿತು. ಇನ್ನು ಚರಗ ಚೆಲ್ಲಬೇಕು. ಅದಾಗದೆ ಯಾರೂ ಒಂದು ತುತ್ತು ಮುಟ್ಟುವಂತಿಲ್ಲ.

ಚರಗವೆಂದರೆ, ಮಾಡಿದ ಎಲ್ಲ ಅಡುಗೆಯನ್ನೂ ಬುಟ್ಟಿಯಲ್ಲಿ ಕಲಸಿ, ಭೂಮಿತಾಯಿಗೆ, ಹುಳಹುಪ್ಪಡಿಗೆ, ಹಕ್ಕಿಪಕ್ಷಿಗೆ ಎಂದು ಹೊಲದ ಸುತ್ತ ಎರಚುವುದು. ಮುಂದೆ ಒಬ್ಬ ಬುಟ್ಟಿ ಹಿಡಿದು ಎರಚುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದೆ ಒಬ್ಬ ತಂಬಿಗೆಯಿಂದ ನೀರು ಚಿಮುಕಿಸುತ್ತ "ಸಲಾಂಬರಿಗೋ" ಎಂದು ಓಗೊಡಬೇಕು. ಊರಿಗೊಂದು ಥರ ಕೂಗುತ್ತಾರೆ, ಅರ್ಥ ಯಾರಿಗೂ ಗೊತ್ತಿಲ್ಲ. ಆದರೆ ನಮ್ಮೂರಲ್ಲಿ ಎರಡು ಕಟ್ಟುಪಾಡು ಗಟ್ಟಿ. ಮುಂದಿನವನು ಹಿಂತಿರುಗಿ ನೋಡಬಾರದು. ಕೂಗಿದ ಕೂಗಿಗೆ ಓಗೊಡದೆ ಇರಬಾರದು, ಇದ್ದರೆ ಆ ಕೂಗು ಹೊಲದ ಮೇಲೆ ಬರಿದಾಗಿ ಬಿದ್ದ ಹಾಗೆ. ಅಪ್ಪನಿಗೆ ಗಂಡುಮಕ್ಕಳಿಲ್ಲ. ನನ್ನ ಮದುವೆಯಾದಾಗಿನಿಂದ ಹಿಂದಿನ ಕೂಗು ಅಳಿಯನದೇ.

ಪಕ್ಕದ ಹೊಲದ ದೊಡ್ಡಪ್ಪ ತಾನಾಗಿ ಬಂದು, "ಈ ವರ್ಷ ನಾ ಓಗೊಡ್ತೀನಿ ತಮ್ಮಾ. ಅಳಿಯಂಗ ಕಿವಿ ಕೇಳಂಗಿಲ್ಲಲ್ಲ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಅಪ್ಪ ಬುಟ್ಟಿ ಎತ್ತಿಕೊಳ್ಳುತ್ತಿದ್ದ. "ಕಿವಿ ಇಲ್ಲ ಖರೆ. ಬಾಯಿಗೆ ಏನಾಗೇತಿ?"

"ನೀ ಕೂಗಿದ್ದು ಅಂವಗ ಹೆಂಗ ತಿಳೀಬೇಕು? ಹಿಂದ ಇರ್ತಾನ, ನಿನ್ನ ತುಟಿ ಸುದ್ದಾ ಕಾಣಂಗಿಲ್ಲ."

"ಅದು ಅಂವಗ ಬಿಟ್ಟದ್ದು. ನನ್ನ ಹೊಲಕ್ಕ ನನ್ನ ಅಳಿಯಾನ ಓಗೊಡಬೇಕು" ಎಂದು ಅಪ್ಪ ತಂಬಿಗೆಯನ್ನು ಇವರ ಕೈಗೆ ಇಟ್ಟುಬಿಟ್ಟ. ಇವರ ಮುಖ ಬಿಳುಚಿತು. ಒಲ್ಲೆ ಎಂದು ತಲೆ ಆಡಿಸಿದರು. ಆದರೆ ಮಾವ ಕೊಟ್ಟದ್ದನ್ನು ಕೆಳಗಿಡಲು ಅವರಿಂದ ಆಗಲಿಲ್ಲ.

ನಾನು ಮನಸ್ಸಿನಲ್ಲೇ ಅಪ್ಪನಿಗೆ ಶಾಪ ಹಾಕಿದೆ. ಸುತ್ತಲಿನ ಹೊಲದವರೆಲ್ಲ ಬದುವಿನ ಮೇಲೆ ನಿಂತಿದ್ದರು. ಗಾದಿ ಮಾರಿ ಬಂದಿದ್ದ ಪಿಂಜಾರ ಕಾಕಾನೂ ಗಾಡಿಗೆ ಒರಗಿ ನಿಂತಿದ್ದ. ಇಷ್ಟು ಜನರ ಮುಂದೆ ಇವರು ತಪ್ಪಿದರೆ, ಒಬ್ಬನೇ ಒಬ್ಬ ನಕ್ಕರೆ, ಈ ಬಾಯಿ ಇನ್ನು ಈ ಜನ್ಮದಲ್ಲಿ ತೆರೆಯುವುದಿಲ್ಲ ಎಂಬುದು ನನಗೂ ಅತ್ತೆಗೂ ಗೊತ್ತಿತ್ತು. ಹೆಂಗಸರು ಬನ್ನಿಗಿಡ ಬಿಟ್ಟು ಹೋಗುವ ಹಾಗಿರಲಿಲ್ಲ. ಅತ್ತೆ ನನ್ನ ಮುಂಗೈ ಹಿಡಿದರು. ಅವರ ಉಗುರು ನನಗೆ ನಾಟುತ್ತಿತ್ತು.

ಅಪ್ಪ ಜೋಳದ ಸಾಲಿನ ಗುಂಟ ನಡೆದು ಮೊದಲ ಹಿಡಿ ಎರಚಿದ. "ಹುಲ್ಲುಲ್ಲಿಗೋ!"

ಜೋಳದೊಳಗಿಂದ ಗುಬ್ಬಿಯ ಹಿಂಡು ಎದ್ದು ಆಚೆ ಹೋಗಿ ಇಳಿಯಿತು. ಹಿಂದಿನಿಂದ ಸದ್ದಿಲ್ಲ. ಅಪ್ಪ ತಿರುಗಿ ನೋಡಲಿಲ್ಲ, ಮುಂದೆ ಹೆಜ್ಜೆಯನ್ನೂ ಇಡಲಿಲ್ಲ.

"ಹುಲ್ಲುಲ್ಲಿಗೋ!"

ಮತ್ತೆ ಗುಬ್ಬಿ ಎದ್ದವು, ಜೊತೆಗೆ ಎರಡು ಬೆಳವ. ಹಿಂದೆ ಮೌನ. ಬದುವಿನ ಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಕಣ್ಣು ಮುಚ್ಚಬೇಕೆಂದುಕೊಂಡೆ. ಮುಚ್ಚುವ ಮುಂಚೆ ಇವರ ಕತ್ತು ಮೇಲೆದ್ದದ್ದು ಕಂಡಿತು. ಅವರು ಅಪ್ಪನ ಬೆನ್ನನ್ನು ನೋಡುತ್ತಿರಲಿಲ್ಲ. ಅಪ್ಪನ ತಲೆಯ ಆಚೆ ಜೋಳದ ತೆನೆಗಳನ್ನು ನೋಡುತ್ತಿದ್ದರು.

ಅಪ್ಪ ಮೂರನೆಯ ಸಲ ಕೂಗಿದ. ಹಕ್ಕಿ ಎದ್ದವು. ಎದ್ದ ಕ್ಷಣಕ್ಕೇ, "ಸಲಾಂಬರಿಗೋ!"

ಆ ದನಿಗೆ ಗುಡ್ಡ ಮರುದನಿ ಕೊಟ್ಟಿತು. ಕಾಕಾನ ಎತ್ತು ಬೆಚ್ಚಿ ನೊಗ ಎಳೆದವು, ಕಾಕಾ "ಯಾ ಅಲ್ಲಾ" ಎಂದು ಹಗ್ಗ ಹಿಡಿದ. ತಿಂಗಳುಗಟ್ಟಲೆ ಕಟ್ಟಿಟ್ಟ ದನಿ ಒಮ್ಮೆಲೇ ಹೊರಬಿದ್ದಿತ್ತು. ಯಾರೂ ನಗಲಿಲ್ಲ. ಯಾಕೆ ನಗಬೇಕು? ಚರಗದ ಕೂಗು ಎಷ್ಟು ಜೋರೋ ಅಷ್ಟು ಒಳ್ಳೆಯದು. "ಭಲೇ! ಓಗೊಟ್ರ ಹಿಂಗ ಓಗೊಡಬೇಕು" ಎಂದ ಪಕ್ಕದ ಹೊಲದ ದೊಡ್ಡಪ್ಪ.

ಅಪ್ಪ ನಡೆದ, ಇವರು ಹಿಂದೆ ನಡೆದರು. ಕೂಗು, ಹಕ್ಕಿ, ಓಗೊಡುವುದು. ಮೂಡಣ ಬದು ಮುಗಿದು ಕಡಲೆಯ ಹೊಲ ಬಂದಾಗ ನನಗೆ ಮತ್ತೆ ದಿಗಿಲು, ಅಲ್ಲಿ ತೆನೆಯಿಲ್ಲ, ಗುಬ್ಬಿಯಿಲ್ಲ. ಅಲ್ಲಿ ಒಂದು ಕೂಗಿಗೆ ಇವರು ತಡವರಿಸಿದರು. ಮುಂದಿನ ಕೂಗಿಗೆ ಎಲ್ಲಿ ಅಡಗಿ ಕುಳಿತಿತ್ತೋ ಒಂದು ಜೋಡಿ ಟಿಟ್ಟಿಭ ಬೈಯುತ್ತ ಎದ್ದವು. ಇವರು ಬೆಳಗಿನಿಂದ ಅವುಗಳಿಗೇ ಕಾದಿದ್ದವರಂತೆ ಓಗೊಟ್ಟರು. ಆ ಟಿಟ್ಟಿಭಗಳಿಗೆ ನಾನು ಅಲ್ಲೇ ನಿಂತು ಕೈ ಮುಗಿದೆ. ಬೇಕಾದವರು ನಗಲಿ, ಮುಗಿದದ್ದು ನಿಜ.

ಬನ್ನಿಗಿಡಕ್ಕೆ ಬಂದು ತಂಬಿಗೆ ಇಟ್ಟಾಗ ಇವರು ಬೆವೆತಿದ್ದರು. ಊಟಕ್ಕೆ ಕುಳಿತೆವು. ಯಾರೂ ಕೇಳಲಿಲ್ಲ, ಯಾರೂ ಸನ್ನೆ ಮಾಡಲಿಲ್ಲ. ಅವರಾಗಿಯೇ ಅಪ್ಪನ ಕಡೆ ತಿರುಗಿ, ಮೂರು ಹೊಲ ಆಚೆಗೂ ಕೇಳುವಂತೆ ಹೇಳಿದರು.

"ಮಾವ್ನೋರ, ನೀವು ಕೂಗೂದು ನನಗ ಕೇಳಂಗಿಲ್ರಿ. ಹಕ್ಕಿಗೆ ಕೇಳ್ತೈತಿ. ನಿನ್ನಿ ಗುಡ್ಡದಾಗ ಇಕಿ ನನಗ ಬೈದಾಗ ಗೊರವಂಕ ಎಲ್ಲಾ ಎದ್ದ್ವು. ತಿರುಗಿ ನೋಡ್ತೀನಿ, ಇಕಿ ಬಾಯಿ ತೆರದು ನಿಂತಾಳ! ಇವತ್ತ ಎರಡನೇ ಸಲ ಹಕ್ಕಿ ಎದ್ದಾಗ ಅದು ನೆನಪಾತು."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅತ್ತೆ ಅತ್ತರು. ಸೆರಗು ಮರೆ ಮಾಡಲಿಲ್ಲ, ಖಾರ ನೆತ್ತಿಗೇರಿತು ಎಂಬ ನೆಪ ಹೇಳಲಿಲ್ಲ, ಎಲ್ಲರೆದುರು ಅತ್ತರು. "ನನ್ನ ಬೆಳ್ಳಿ ಸಿಕ್ತವಾ" ಎಂದು ನನ್ನ ಗಲ್ಲ ಹಿಡಿದರು. ನಾನು ಅವರಿಗೆ ಇನ್ನೊಂದು ಹೋಳಿಗೆ ಬಡಿಸಿದೆ. ಚರಗ ಚೆಲ್ಲಿದ ಕಡೆಯೆಲ್ಲ ಗುಬ್ಬಿ, ಬೆಳವ, ಗೊರವಂಕ ಇಳಿದು ತಿನ್ನುತ್ತಿದ್ದವು. ನಾವು ಓಡಿಸಿದ ಹಕ್ಕಿಗಳೆಲ್ಲ ನಮ್ಮದೇ ಊಟಕ್ಕೆ ತಿರುಗಿ ಬಂದಿದ್ದವು. ನಾವು ಉಂಡೆವು, ಅವೂ ಉಂಡವು.

ಮರಳುವ ದಾರಿಯಲ್ಲಿ ಇವರು ಆಡಿದ ಮಾತಿಗೆ ಲೆಕ್ಕವಿಲ್ಲ. ಆ ಬಿಳಿ ಹಕ್ಕಿಯ ಬಾಲದ ಬಗ್ಗೆಯೇ ಒಂದು ಹರದಾರಿ ದಾರಿ ಸವೆಯಿತು. ಪಿಂಜಾರ ಕಾಕಾ ನಡುವೆ ಬಾಯಿ ಹಾಕಲು ನೋಡಿ ಸೋತ. "ಹೋಗೂ ಮುಂದ ನಾ ಕೊರದೆ, ಬರೂ ಮುಂದ ಇವ್ರು ತೀರಿಸಾಕತ್ತಾರ. ನನ್ನ ಕಿವಿ ಕೆಟ್ರ ನೀನ ಜವಾಬ್ದಾರಿ ಬೇಟಾ" ಎಂದು ನನಗೆ ಹೇಳಿದ.

ಆಮೇಲೆ ನಮ್ಮ ಮನೆ ಓಣಿಯಲ್ಲೇ ಗದ್ದಲದ ಮನೆಯಾಯಿತು. ಸಾವಿನ ಮನೆಗೆ ಹೋಗುವಾಗ ಮಾತ್ರ ನಾನು ಅವರ ಧೋತರದ ಅಂಚು ಹಿಡಿದಿರುತ್ತಿದ್ದೆ, ಬಾಯಿ ತೆರೆದರೆ ಎಳೆಯಲು. ಮಗ್ಗದ ಕೋಣೆಯ ಜಂತಿಯಲ್ಲಿ ಗುಬ್ಬಿ ಗೂಡು ಕಟ್ಟಿದ್ದವು. ಕಸ ಬೀಳುತ್ತದೆಂದು ಮುಂಚೆ ನಾನು ಅವನ್ನು ಕಿತ್ತು ಹಾಕುತ್ತಿದ್ದೆ. ಈಗ ಮುಟ್ಟಲಿಲ್ಲ. ಬಾಗಿಲಲ್ಲಿ ಯಾರಾದರೂ ಕರೆದರೆ ಗುಬ್ಬಿ ಪುರ್ರನೆ ಏಳುತ್ತಿದ್ದವು. ಇವರು ಲಾಳಿ ನಿಲ್ಲಿಸಿ, "ಯಾರೋ ಬಂದಾರ ನೋಡು" ಎನ್ನುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅಪ್ಪ ತೀರಿಕೊಂಡ. ಆ ವರ್ಷದ ಎಳ್ಳಮಾಸಿಗೆ ಹೊಲದಲ್ಲಿ ಓಗೊಡುವವರಿದ್ದರು, ಕೂಗುವವರಿರಲಿಲ್ಲ. ಪಕ್ಕದ ಹೊಲದ ದೊಡ್ಡಪ್ಪ ಮತ್ತೆ ಬಂದು ತಾನು ಬುಟ್ಟಿ ಹಿಡಿಯುತ್ತೇನೆಂದ. ಇವರು ಬುಟ್ಟಿಯನ್ನು ತಂದು ನನ್ನ ಕೈಗೆ ಕೊಟ್ಟರು.

"ಹೆಣ್ಮಗಳು ಚರಗ ಚೆಲ್ಲೂದೇನೋ?" ಎಂದು ಯಾರೋ ಅಂದರು. ಅದು ಇವರಿಗೆ ಕೇಳಲಿಲ್ಲ, ಅಂದವರ ಮುಖದಿಂದಲೇ ತಿಳಿಯಿತು.

"ಆಕಿ ಸಿಟ್ಟಿಗೆದ್ದು ಒದರಿದ್ರ ಇಡೀ ಗುಡ್ಡದ ಹಕ್ಕಿ ಏಳ್ತಾವ. ಆಕಿನ ಕೂಗ್ಲಿ. ನನಗ ಆಕಿ ದನಿನೇ ಛಲೋ ಕೇಳ್ತೈತಿ" ಎಂದರು.

ನಾನು ಬುಟ್ಟಿ ಹಿಡಿದು ಜೋಳದ ಸಾಲಿಗೆ ಇಳಿದೆ. ಅಪ್ಪ ಮೊದಲ ಹಿಡಿ ಎರಚುತ್ತಿದ್ದ ಜಾಗದಲ್ಲೇ ನಿಂತೆ. ಒಂದು ಹಿಡಿ ತೆಗೆದು ಎರಚಿ, ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. ತೆನೆಗಳ ಮೇಲಿಂದ ಗುಬ್ಬಿಯ ಹಿಂಡು ಎದ್ದಿತು. ಹಿಂತಿರುಗಿ ನೋಡುವಂತಿರಲಿಲ್ಲ, ನೋಡಲಿಲ್ಲ. ಹಿಂದಿನಿಂದ ಅವರು ಓಗೊಟ್ಟರು.